ಕಾಗದ ಸೀಳುವ ಚಾಕು ಟೊಮೆಟೊಗೆ ಸೋಲುವುದೇಕೆ?

ಪ್ರಶ್ನೆ: ಒಂದು ಕಡೆ 1000, ಇನ್ನೊಂದು ಕಡೆ 6000 ಎಂದು ಬರೆದಿರುವ ಸಾಣೆಕಲ್ಲು ತರಿಸಿಕೊಂಡು ಅಡುಗೆಮನೆಯ ಸ್ಟೀಲ್ ಚಾಕುವನ್ನು ನಾನೇ ಮಸೆಯಲು ಶುರುಮಾಡಿದ್ದೇನೆ. ಮಸೆದ ದಿನ ಕಾಗದ ಸರ್ರನೆ ಸೀಳುತ್ತದೆ. ಎರಡು ದಿನ ಬಿಟ್ಟು ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆ ಜಾರಿ ಹಣ್ಣು ಅಪ್ಪಚ್ಚಿ. ಕೋನ ತಪ್ಪುತ್ತಿದೆಯೇ? ಕೋನ ಹಿಡಿದುಕೊಡುವ ಕ್ಲಿಪ್ ಕೊಳ್ಳಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕ್ಲಿಪ್ಪಿಗೆ ದುಡ್ಡು ಹಾಕಬೇಡಿ. ಮಸೆದ ದಿನ ಕಾಗದ ಸೀಳಿತು ಎಂದರೆ ನಿಮ್ಮ ಕೋನ ತಕ್ಕಮಟ್ಟಿಗೆ ಸರಿಯಾಗಿಯೇ ಇದೆ. ಎರಡೇ ದಿನಕ್ಕೆ ಹರಿತ ಹೋಗುತ್ತಿರುವುದರಿಂದ ನನ್ನ ಅನುಮಾನ ಬರ್ ಮೇಲೆ.

ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜುತ್ತ ಹೋದಂತೆ ಅಲಗಿನ ಅಂಚು ತೆಳುವಾಗುತ್ತ ಬಂದು, ಕೊನೆಗೆ ಕೂದಲೆಳೆಯಷ್ಟು ಲೋಹ ಆಚೆ ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಲೇತ್ ಷೆಡ್ಡಿನವರು ಬರ್ ಅನ್ನುವುದು ಇದನ್ನೇ. ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಗೆ ಸಿಗುತ್ತದೆ. ಹೆಬ್ಬೆರಳನ್ನು ಚಾಕುವಿನ ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿ ಹೊರಕ್ಕೆ ಜಾರಿಸಿ. ಅಂಚಿನಲ್ಲಿ ಏನೋ ತಡೆದಂತಾಗುತ್ತದೆ. (ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಬೆರಳೆಳೆಯಬೇಡಿ.) ಹಳೆಯ ಹತ್ತಿ ಬಟ್ಟೆಯ ಮೇಲೆ ಸವರಿದರೆ ನೂಲು ಕಚ್ಚಿಕೊಳ್ಳುತ್ತದೆ. ಹಿಡಿಯಿಂದ ಮೊನೆಯವರೆಗೆ ಬರ್ ಎದ್ದಿದ್ದರೆ ಆ ಮಗ್ಗುಲಿನ ಕೆಲಸ ಮುಗಿಯಿತು, ಇಲ್ಲದಿದ್ದರೆ ಇನ್ನೂ ಉಜ್ಜಬೇಕು. ವಿಡಿಯೊಗಳಲ್ಲಿ ಈ ಕಡೆ ಇಪ್ಪತ್ತು, ಆ ಕಡೆ ಇಪ್ಪತ್ತು ಎಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಚಾಕು ಎಷ್ಟು ಮೊಂಡಾಗಿದೆ ಎಂದು ಆ ಎಣಿಕೆಗೆ ಹೇಗೆ ಗೊತ್ತಾಗಬೇಕು?

ಎಬ್ಬಿಸಿದ ಬರ್ ಕಳಚಲೂ ಬೇಕು. ಹಾಗೇ ಬಿಟ್ಟರೆ ಅದೇ ನೆಟ್ಟಗೆ ನಿಂತು ಕಾಗದ ಸೀಳುತ್ತದೆ. ಹಲಗೆಗೆ ನಾಲ್ಕು ದಿನ ಬಡಿಸಿಕೊಳ್ಳುವ ಮೊದಲೇ ಮಗುಚಿ ಬೀಳುತ್ತದೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ. ಎರಡೂ ಮಗ್ಗುಲಲ್ಲಿ ಬರ್ ಎಬ್ಬಿಸಿದ ಮೇಲೆ, ಬಾಯಿ ಮುಂದಾಗಿರುವಂತೆ, ಈ ಮಗ್ಗುಲಿಗೊಮ್ಮೆ ಆ ಮಗ್ಗುಲಿಗೊಮ್ಮೆ ಕಲ್ಲಿನ ಮೇಲೆ ಆಡಿಸುತ್ತ ಒತ್ತಡ ಇಳಿಸುತ್ತ ಬನ್ನಿ. ಕೊನೆಕೊನೆಗೆ ಚಾಕುವಿನ ಭಾರವಷ್ಟೇ ಸಾಕು. ಆಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಈ ಸಲ ಬೆನ್ನು ಮುಂದಾಗಿ, ನಾಲ್ಕಾರು ಬಾರಿ ಎಳೆಯಿರಿ. ಈಗ ಬಾಯಿ ಮೇಲಾಗಿ ದೀಪದ ಕೆಳಗೆ ಹಿಡಿದು ನೋಡಿ. ಹರಿತವಾದ ಬಾಯಿ ಹೊಳೆಯುವುದಿಲ್ಲ. ಎಲ್ಲಾದರೂ ಬಿಳಿ ಗೆರೆಯೋ ಚುಕ್ಕಿಯೋ ಮಿನುಗಿದರೆ ಅಲ್ಲಿ ಮೊಂಡು ಉಳಿದಿದೆ, ಇಲ್ಲವೇ ಬರ್.

ಇನ್ನು ಕೋನ. ಮೂರು ಸೆಂಟಿಮೀಟರ್ ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎತ್ತಿದರೆ ಸುಮಾರು 20 ಡಿಗ್ರಿ. ನಮ್ಮ ಮನೆಚಾಕುಗಳಿಗೆ ಅದೇ ಹದ. ಅನುಮಾನವಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಉಜ್ಜಿ. ಬಣ್ಣ ಮೇಲ್ಭಾಗದಲ್ಲಷ್ಟೇ ಅಳಿಸಿ ತುದಿಯಲ್ಲಿ ಉಳಿದಿದ್ದರೆ ಬೆನ್ನನ್ನು ಚೂರು ಎತ್ತಿ.

6000ದ ಕಡೆಯನ್ನು ಸದ್ಯಕ್ಕೆ ಮರೆತುಬಿಡಿ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. ಗಟ್ಟಿ ಉಕ್ಕಿನ ತೆಳು ಜಪಾನಿ ಚಾಕುಗಳಿಗೆ ಆ ನುಣುಪು ಒಪ್ಪುತ್ತದೆ. ನಮ್ಮ ಮೆತ್ತನೆಯ ಸ್ಟೀಲಿಗೆ 1000 ಬಿಟ್ಟುಹೋಗುವ ಸಣ್ಣ ತರಕಲೇ ಟೊಮೆಟೊ ಸಿಪ್ಪೆಯನ್ನು ಕಚ್ಚುವುದು. ತೀರಾ ಮೊಂಡಾಗಿದ್ದರೆ 400ರ ಕಲ್ಲು ಬೇಕು, ಅಥವಾ ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಮ್ ಕಲ್ಲು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಜೇಡಿಮಣ್ಣು, ಕೋಕ್ ಪುಡಿ ಬೆರೆಸಿ ವಿದ್ಯುತ್ತಿನಲ್ಲಿ ಕಾಯಿಸಿದಾಗ ಸಿಕ್ಕಿದ ವಸ್ತು ಅದು. ಯಾವ ಚಾಕುವಿನ ಉಕ್ಕಿಗಿಂತಲೂ ಗಟ್ಟಿ. ಕಲ್ಲೂ ಇಲ್ಲದ ದಿನ ಪಿಂಗಾಣಿ ಕಪ್ಪು ಮಗುಚಿ, ಹೊಳಪಿಲ್ಲದ ಒರಟು ತಳಕ್ಕೆ ಉಜ್ಜಿದರೂ ಅಡುಗೆ ನಿಲ್ಲುವುದಿಲ್ಲ.

ಕಲ್ಲಿನ ನಡು ತಗ್ಗಾದರೆ ಎಷ್ಟು ನಾಜೂಕಾಗಿ ಹಿಡಿದರೂ ಕೋನ ನಿಲ್ಲದು. ಪೆನ್ಸಿಲಿನಲ್ಲಿ ಚೌಕ ಗೆರೆಗಳನ್ನೆಳೆದು, ಗಾಜಿನ ಮೇಲೆ ಹಾಸಿದ ಒದ್ದೆ ಉಪ್ಪುಕಾಗದಕ್ಕೆ ಗೆರೆಗಳೆಲ್ಲ ಅಳಿಯುವ ತನಕ ತಿಕ್ಕಿ. ಹಲ್ಲಿರುವ ಬ್ರೆಡ್ ಚಾಕುವನ್ನು ಈ ಕಲ್ಲಿಗೆ ತರಲೇಬೇಡಿ. ಮನೆಯಲ್ಲಿ ಈಳಿಗೆ ಮಣೆ ಇದ್ದರೆ ಅದರ ಲೆಕ್ಕ ತಿರುಗುಮುರುಗು: ಮಣೆಯನ್ನು ಅಲುಗದಂತೆ ಮೆಟ್ಟಿ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲನ್ನೇ ಬಾಗಿದ ಅಲಗಿನ ಮೇಲೆ ಆಡಿಸಬೇಕು. ಬರ್ ನೋಡುವ ಕ್ರಮ ಅಲ್ಲಿಯೂ ಇದೇ.