ದಮ್ಮಿಗೆ ಊರ ಆಸ್ಪತ್ರೆಯಲ್ಲೇ ಮದ್ದಿದೆ
ಆರೋಗ್ಯ ಪ್ರಶ್ನೋತ್ತರ

ಆದೋನಿ, ಆಲೂರು, ಕೋಸಿಗಿ, ಹೊಳಗುಂದ ಸೀಮೆಯ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ದಮ್ಮಿನವೇ ಹೆಚ್ಚು. ಎಲ್ಲರಿಗೂ ಉಪಯೋಗವಾಗುವ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿಗೆ 34 ವರ್ಷ. ಪ್ರತಿ ವರ್ಷ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುತ್ತೇವೆ. ಅಲ್ಲಿಂದ ಬಂದ ಮೇಲೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಶಬ್ದ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದರು. ಊರಿನ ಆರ್‌ಎಂಪಿ ಇಂಜೆಕ್ಷನ್ ಕೊಟ್ಟರೆ ಒಂದು ತಾಸಿನಲ್ಲಿ ಆರಾಮ. ಹತ್ತು ದಿನಕ್ಕೆ ಮತ್ತೆ ಅದೇ ಪಾಡು.
– ಕೋಸಿಗಿ ಕಡೆಯ ಓದುಗರು

ಉತ್ತರ: ಟಿಬಿ ಪರೀಕ್ಷೆ ಮೊದಲೇ ಮಾಡಿಸಿದ್ದು ಒಳ್ಳೆಯದಾಯಿತು. ರಾತ್ರಿ, ಬೆಳಗಿನ ಜಾವ ಹೆಚ್ಚಾಗುವುದು, ಘಾಟಿಗೆ ಧೂಳಿಗೆ ಕೆರಳುವುದು, ನಡುವೆ ಪೂರ್ತಿ ಆರಾಮ ಇರುವುದು – ಇವೆಲ್ಲ ದಮ್ಮಿನ, ಅಂದರೆ ಅಸ್ತಮಾದ ಲಕ್ಷಣ. ಇದನ್ನು ಗುರುತಿಸಲು ಸ್ಕ್ಯಾನಿಂಗ್ ಬೇಡ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಸಾಕು, ಅದಕ್ಕೆ ಕರೆಂಟೂ ಬೇಕಿಲ್ಲ. ನಿಂತುಕೊಂಡು, ಎದೆ ತುಂಬ ಉಸಿರೆಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿಸಿ ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳುತ್ತಾರೆ. ಸಾಲ್ಬುಟಮಾಲ್ ಪಂಪಿನ (ಇನ್‌ಹೇಲರ್) 4 ಪಫ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲು 250 ಇದ್ದದ್ದು 300ಕ್ಕೆ ಮುಟ್ಟಿದರೆ, ಅಂದರೆ ಶೇ 20ರಷ್ಟು ಏರಿದರೆ, ಅಸ್ತಮಾ ಎನ್ನಲು ಬಲವಾದ ಆಧಾರ ಸಿಕ್ಕಂತೆ.

ಒಂದು ತಾಸಿನಲ್ಲಿ ಆರಾಮ ಕೊಡುವ ಆ ಇಂಜೆಕ್ಷನ್ ಸಾಮಾನ್ಯವಾಗಿ ಡೆರಿಫಿಲಿನ್, ಡೆಕ್ಸಾಮೆಥಸೋನ್‌ಗಳ ಜೋಡಿ. ತೀವ್ರ ದಾಳಿಯಲ್ಲಿ ಸ್ಟೆರಾಯ್ಡ್ ಜೀವ ಉಳಿಸುತ್ತದೆ, ನಿಜ. ಆದರೆ ಹತ್ತು ದಿನಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಾ ಹೋದರೆ ಸಕ್ಕರೆ, ಬಿಪಿ ಏರುತ್ತವೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ನಿಮ್ಮ ಮಂಡಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪಂಪಿನ ಚಿಕಿತ್ಸೆ ಶುರುಮಾಡಿಸಿ. ಮುಂದಿನ ಸಲ ಗುಳೆ ಹೊರಡುವ ಮುನ್ನ ಅಷ್ಟೂ ತಿಂಗಳಿಗೆ ಆಗುವಷ್ಟು ಔಷಧ, ಚೀಟಿ ಎರಡೂ ಗಂಟಿನಲ್ಲಿರಲಿ.

ಪ್ರಶ್ನೆ: ನಮ್ಮ ಮಗನಿಗೆ 7 ವರ್ಷ. ಪಂಪ್ ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲಾಗದು, ಮಾತ್ರೆಯೇ ವಾಸಿ ಅಂತ ನಮ್ಮತ್ತೆ ಹೇಳುತ್ತಾರೆ. ಏನು ಮಾಡಲಿ?
– ಆಲೂರಿನ ತಾಯಿ

ಉತ್ತರ: ಅಮ್ಮಾ, ಅತ್ತೆಯವರಿಗೆ ಈ ಲೆಕ್ಕ ತೋರಿಸಿ. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಔಷಧವಿರುತ್ತದೆ. ಅದೇ ಔಷಧದ ಪಂಪಿನಲ್ಲಿ ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಒಂದು ಮಾತ್ರೆ ನುಂಗಿದರೆ 40 ಪಫ್‌ನಷ್ಟು ಔಷಧ ಹೊಟ್ಟೆಗೆ, ರಕ್ತಕ್ಕೆ ಹೋಗುತ್ತದೆ. ಮಾತ್ರೆ ತಿಂದವರಿಗೆ ಕೈ ನಡುಗುವುದು, ಎದೆ ಡವಡವ ಎನ್ನುವುದು ಇದಕ್ಕೇ. ಪಂಪಿಗೆ ಚಟ ಹಿಡಿಯುವ ಗುಣವಿಲ್ಲ. ಎಷ್ಟೋ ಮಕ್ಕಳಿಗೆ ದೊಡ್ಡವರಾಗುತ್ತಾ ಔಷಧ ಕಡಿಮೆ ಮಾಡಬಹುದು.

ಈ ವಯಸ್ಸಿನ ಮಗುವಿಗೆ ಪಂಪನ್ನು ನೇರ ಬಾಯಿಗೆ ಹಿಡಿಯಬೇಡಿ, ಹೆಚ್ಚಿನ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ನಡುವೆ ಸ್ಪೇಸರ್ ಎಂಬ ಟೊಳ್ಳು ಡಬ್ಬಿ ಇರಬೇಕು. ಅದು ಸಿಗದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವ ಹಾಗೆ ಕಾದ ತಂತಿಯಿಂದ ತೂತು ಮಾಡಿ. ಸೋಪಿನ ನೀರಲ್ಲಿ ತೊಳೆದು, ಒರೆಸದೆ ಹಾಗೇ ಆರಲು ಬಿಡಿ. ಬಾಟಲಿಯ ಬಾಯಿ ಮಗುವಿನ ಬಾಯಿಗೆ. ಪಂಪ್ ಅಲುಗಿಸಿ, ಒಂದೇ ಪಫ್ ಒತ್ತಿ, ನಿಧಾನವಾಗಿ ಐದಾರು ಸಲ ಉಸಿರಾಡಿಸಿ. ಆಮೇಲೆ ಎರಡನೆಯದು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯರು 1990ರ ದಶಕದಲ್ಲೇ ಇಂಥ ಬಾಟಲಿಯನ್ನು ಪರೀಕ್ಷಿಸಿ ನೋಡಿದ್ದಾರೆ. ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು.

ಪ್ರಶ್ನೆ: ನೀಲಿ ಪಂಪ್ ಹೊಡೆದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ತಿಂಗಳಿಗೆ ಒಂದು ಖಾಲಿ. ಆಸ್ಪತ್ರೆಯಲ್ಲಿ ಇನ್ನೊಂದು ಪಂಪ್ ದಿನಾ ತಗೊಳ್ಳಿ ಅಂದರು. ಅದು ಹೊಡೆದರೆ ಏನೂ ಆಗಲಿಲ್ಲ, ಬಿಟ್ಟೆ.
– ಹೊಳಗುಂದದ ಓದುಗರು

ಉತ್ತರ: ನೀವು ಬಿಟ್ಟದ್ದೇ ನಿಜವಾದ ಔಷಧ. ಅಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಬಾತುಕೊಂಡಿರುತ್ತದೆ. ಸಾಲ್ಬುಟಮಾಲ್ ಇರುವ ನೀಲಿ ಪಂಪ್ ಬಿಗಿದ ನಾಳವನ್ನು ನಾಲ್ಕು ತಾಸು ಸಡಿಲಿಸುತ್ತದೆ, ಬಾವು ಹಾಗೇ ಉಳಿಯುತ್ತದೆ. ಮಾಳಿಗೆ ಸೋರುವಾಗ ಕೆಳಗೆ ಬಕೆಟ್ ಇಟ್ಟ ಹಾಗೆ ಅದು. ಮಾಳಿಗೆಗೆ ಮಣ್ಣು ಹಾಕಿಸುವ ಕೆಲಸ ಬುಡೆಸೊನೈಡ್‌ನಂಥ ಸ್ಟೆರಾಯ್ಡ್ ಪಂಪಿನದು. ಅದರ ಗುಣ ತಿಳಿಯಲು ಒಂದೆರಡು ವಾರವಾದರೂ ಬೇಕು. ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿರುವುದರಿಂದ ಇಂಜೆಕ್ಷನ್ನಿನಷ್ಟು ಅಪಾಯ ಇದಕ್ಕಿಲ್ಲ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಪಂಪ್ ಖರ್ಚಾದರೆ ದಾಳಿಯ ಅಪಾಯ ಹೆಚ್ಚು. ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೂ ಹೆಚ್ಚುತ್ತದೆ. ನೀವು ಆ ಲೆಕ್ಕಕ್ಕೆ ಬಂದಿದ್ದೀರಿ. ವೈದ್ಯರು ಅನುಸರಿಸುವ 'ಜೀನಾ' ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ, ದೊಡ್ಡವರಿಗೆ ನೀಲಿ ಪಂಪ್ ಒಂದನ್ನೇ ಕೊಡಬಾರದೆಂದು 2019ರಲ್ಲೇ ಹೇಳಿತು. ಬುಡೆಸೊನೈಡ್, ಫಾರ್ಮೊಟೆರಾಲ್ ಎರಡೂ ಸೇರಿದ ಪಂಪ್ ಭಾರತದ 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಂಪಿನ ಬದಲು ಪುಡಿ ತುಂಬಿದ ರೋಟಾಕ್ಯಾಪ್ ಕೊಟ್ಟರೂ ಸರಿ. ಅದನ್ನು ಸಾಧನದಲ್ಲಿಟ್ಟು ಜೋರಾಗಿ ಎಳೆಯಬೇಕು. ನೀರು ಕುಡಿದು ನುಂಗುವವರೂ ಇದ್ದಾರೆ, ಹಾಗೆ ಮಾಡಬೇಡಿ.

ಪ್ರಶ್ನೆ: ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ 15 ವರ್ಷದಿಂದ ಕೆಲಸ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ವಾರ ಕಳೆಯುತ್ತಾ ಕಡಿಮೆ. ಇದೂ ಅಸ್ತಮಾನಾ?
– ಆದೋನಿಯ ಕಾರ್ಮಿಕರು

ಉತ್ತರ: ಇರಬಹುದು. ಆದರೆ ರಜೆಯ ಮರುದಿನವೇ ಕೆರಳುವುದು ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್‌ನ ಗುರುತು. ವಾರದ ಮೊದಲ ದಿನ ಮತ್ತು ಕೊನೆಯ ದಿನ, ಕೆಲಸಕ್ಕೆ ಮೊದಲು ಹಾಗೂ ನಂತರ ಪೀಕ್ ಫ್ಲೋ ಊದಿ ಅಂಕಿ ಬರೆದಿಡಿ. ಆ ಚೀಟಿ ಹಿಡಿದು ಆದೋನಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಆದ್ದರಿಂದ ನೀವು ಮಾಡುವ ಕೆಲಸ ಏನೆಂದು ಚೀಟಿಯಲ್ಲಿ ಬರೆಸಿ. ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಬೀಡಿ ಇದ್ದರೆ ಇಂದೇ ಬಿಡಿ.

ಪ್ರಶ್ನೆ: ಹೈದರಾಬಾದಿನ ಮೀನಿನ ಮದ್ದು ತಿಂದರೆ ಪೂರ್ತಿ ವಾಸಿಯಾಗುತ್ತದಾ?
– ಎಮ್ಮಿಗನೂರಿನ ಓದುಗರು

ಉತ್ತರ: ಜೂನಿನಲ್ಲಿ ಮೃಗಶಿರ ಕಾರ್ತೆ ಕೂಡುವ ದಿನ ನಾಂಪಲ್ಲಿ ಮೈದಾನದಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನುಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ನಂಬಿಕೆಯಿಂದ ಹೋಗುವವರಿಗೆ ನನ್ನದು ಒಂದೇ ಮಾತು: ಪಂಪ್ ನಿಲ್ಲಿಸಬೇಡಿ, ದಮ್ಮು ಏರಿದಾಗ ಮಗುವಿಗೆ ಮೀನು ನುಂಗಿಸಬೇಡಿ.

ಎಲ್ಲರಿಗೂ

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕೂರಿಸಿಕೊಂಡು, ಸ್ಪೇಸರ್‌ನಲ್ಲಿ ನೀಲಿ ಪಂಪ್ ಒಂದೊಂದೇ ಪಫ್‌ನಂತೆ ನಾಲ್ಕು ಕೊಡಿ. 20 ನಿಮಿಷಕ್ಕೆ ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಹೊಳಗುಂದ, ಆಲೂರು ಕಡೆಯವರಿಗೆ ಕರ್ನೂಲಿಗಿಂತ ಬಳ್ಳಾರಿ ಹತ್ತಿರ ಎಂಬುದೂ ನೆನಪಿರಲಿ.

ಜಗತ್ತಿನ ಅಸ್ತಮಾ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ. ಇದು ಕಡಿಮೆಯಾಗಬೇಕಾದರೆ, ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ, ಇಲ್ಲವೇ 104 ಸಂಚಾರಿ ಚಿಕಿತ್ಸಾ ಗಾಡಿ ಊರಿಗೆ ಬಂದಾಗ, ವೈದ್ಯಾಧಿಕಾರಿಯನ್ನು ಬಾಯಿಬಿಟ್ಟು ಕೇಳಿ: "ಸ್ಟೆರಾಯ್ಡ್ ಪಂಪ್ ಇದೆಯಾ? ಇಲ್ಲದಿದ್ದರೆ ತರಿಸಿಕೊಡುತ್ತೀರಾ?" ಔಷಧದ ಇಂಡೆಂಟ್ ಹೋಗುವುದು ಬೇಡಿಕೆ ನೋಡಿ. ಯಾರೂ ಕೇಳದ ಔಷಧ ಸ್ಟಾಕಿಗೆ ಬರುವುದಿಲ್ಲ.