ಬೂಷ್ಟು ಹಿಡಿದ ಮೇವು ಮತ್ತು ಕುದುರೆಗಳ ಉಬ್ಬಸ

(ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಜಮೀನುದಾರರ ಹಾಗೂ ಊರ ಮುಖಂಡರ ತಿಳಿವಳಿಕೆಗಾಗಿ)

ಪೀಠಿಕೆ.— ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳವೇ ಮೊದಲಾದ ಕರಾವಳಿಯ ಬಂದರುಗಳಲ್ಲಿ ಇಳಿದು ಘಟ್ಟವನ್ನು ಹತ್ತುತ್ತಿದ್ದುವು. ಈಗ ಈ ಸೀಮೆಯಲ್ಲಿ ಕುದುರೆಗಳು ವಿರಳ. ಆದರೂ ಸವಾರಿಗಾಗಿಯೋ ಉತ್ಸವಕ್ಕಾಗಿಯೋ ಒಂದೆರಡನ್ನು ಸಾಕತಕ್ಕವರು ಒಂದು ಸಂಗತಿಯನ್ನು ಚೆನ್ನಾಗಿ ಅರಿತಿರಬೇಕು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುವ ಈ ನೆಲದಲ್ಲಿ ಒಣಮೇವು ಬೇಗನೆ ಬೂಷ್ಟು ಹಿಡಿಯುವುದು. ಅದರ ಧೂಳಿನಿಂದ ಕುದುರೆಗೆ ಉಂಟಾಗುವ ಉಬ್ಬಸವು ಅದನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲುದು.

೧. ರೋಗದ ಕಾರಣ.— ಕಾರ್ತಿ ಬೆಳೆಯ ಕೊಯ್ಲಿನಲ್ಲಿ ಮಳೆ ಇನ್ನೂ ಪೂರಾ ಬಿಟ್ಟಿರುವುದಿಲ್ಲ. ಅರೆಬರೆ ಒಣಗಿದ ಬೈಹುಲ್ಲನ್ನು ಕುತ್ರಿ ಹಾಕಿದರೆ ಒಳಗೆ ಕಾವೇರಿ, ಬೂಷ್ಟೂ ಶಾಖದಲ್ಲಿ ಬೆಳೆಯುವ ಸೂಕ್ಷ್ಮಾಣುಗಳೂ ಹಬ್ಬುವುವು. ಇವುಗಳಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಮುಖ್ಯವಾದುದು. ಇದರ ಬೀಜಕಣಗಳು ೨–೩ ಮೈಕ್ರಾನಿನಷ್ಟು ಸಣ್ಣವಾದುದರಿಂದ ಉಸಿರಿನೊಡನೆ ಶ್ವಾಸಕೋಶದ ತುದಿಯವರೆಗೂ ಹೋಗುವುವು. ಕುದುರೆಯು ಬಾಯಿಯಿಂದ ಉಸಿರಾಡಲಾರದು; ಮೂಗನ್ನು ಮೇವಿನಲ್ಲಿಯೇ ಹುದುಗಿಸಿ ತಿನ್ನುವುದರಿಂದ ಈ ಧೂಳೆಲ್ಲವೂ ನೇರವಾಗಿ ಒಳಸೇರುವುದು.

೨. ಒಳಗೆ ನಡೆಯುವುದೇನು.— ಧೂಳು ತಗುಲಿದ ಶ್ವಾಸನಾಳಗಳಲ್ಲಿ ಉರಿಯೂತವುಂಟಾಗಿ ಅವುಗಳ ಒಳಗೋಡೆ ಊದುವುದು, ಅಂಟಾದ ಲೋಳೆ ತುಂಬುವುದು, ಸುತ್ತಣ ಸ್ನಾಯು ಬಿಗಿಯುವುದು. ಹೀಗೆ ದಾರಿ ಇಕ್ಕಟ್ಟಾದಾಗ ಒಳಗೆ ಹೋದ ಗಾಳಿಯು ಹೊರಬರಲು ಕಷ್ಟವಾಗುವುದು. ಪಶುವೈದ್ಯರು ಶ್ವಾಸನಾಳವನ್ನು ತೊಳೆದು ತೆಗೆದ ದ್ರವದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಎಣಿಸಿ ರೋಗವನ್ನು ನಿರ್ಧರಿಸುವರು. ಆರೋಗ್ಯವಂತ ಕುದುರೆಯಲ್ಲಿ ಇವು ನೂರಕ್ಕೆ ಸುಮಾರು ೫ಕ್ಕೆ ಮೀರವು; ರೋಗವು ತೀವ್ರವಾದಾಗ ೨೫ನ್ನು ದಾಟುವುವು.

೩. ಲಕ್ಷಣಗಳು.— ಮೇವು ತಿನ್ನುವಾಗ ಅಥವಾ ನಡಿಗೆ ಆರಂಭಿಸಿದಾಗ ಕೆಮ್ಮು, ಬೇಗನೆ ಆಯಾಸ, ಮೂಗಿನಲ್ಲಿ ಲೋಳೆ—ಇವು ಮೊದಲ ಗುರುತುಗಳು. ರೋಗ ಬಲಿತಾಗ ನಿಂತಲ್ಲಿಯೇ ಮೂಗಿನ ಹೊಳ್ಳೆಗಳು ಅರಳುವುವು. ಉಸಿರು ಬಿಡುವಾಗ ಹೊಟ್ಟೆಯನ್ನು ಎರಡು ಬಾರಿ ಹಿಂಡಿದಂತಾಗುವುದು. ಪಕ್ಕೆಗಳ ಕೆಳಗೆ ಗೆರೆಯೊಂದು ಮೂಡುವುದು. ಬೆಳಗಿನ ತಂಪಿನಲ್ಲಿ, ಕುದುರೆ ಸುಮ್ಮನೆ ನಿಂತಿರುವಾಗ, ಪಕ್ಕೆಯ ಏರಿಳಿತವನ್ನು ಗಡಿಯಾರವಿಟ್ಟು ಎಣಿಸಿರಿ. ನಿಮಿಷಕ್ಕೆ ೮ರಿಂದ ೧೬ ಉಸಿರು ಸರಿಯಾದುದು. ದಿನವೂ ೨೦ಕ್ಕೆ ಮೀರುತ್ತಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

೪. ಎಚ್ಚರಿಕೆ.— ಈ ಉಬ್ಬಸವು ಅಂಟುರೋಗವಲ್ಲ; ಇದರಲ್ಲಿ ಸಾಮಾನ್ಯವಾಗಿ ಜ್ವರವಿರುವುದಿಲ್ಲ. ಜ್ವರವೂ ಮೂಗಿನಿಂದ ಕೀವೂ ಚರ್ಮದಲ್ಲಿ ಗಂಟುಗಳೂ ಕಂಡರೆ ಗ್ಲಾಂಡರ್ಸ್ ಎಂಬ ಭಯಂಕರ ರೋಗವಾಗಿರಬಹುದು. ಅದು ಮನುಷ್ಯರಿಗೂ ತಗುಲುವುದು. ೨೦೦೯ರ ಕಾಯಿದೆಯಂತೆ ಅದನ್ನು ತಿಳಿಸುವುದು ಕಡ್ಡಾಯ. ಅಂಥ ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಿ, ಊರ ಮುಖಂಡರು ತಡಮಾಡದೆ ಸರಕಾರಿ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸತಕ್ಕದ್ದು.

೫. ಪರಿಹಾರ.— ಧೂಳನ್ನು ತಪ್ಪಿಸದೆ ಔಷಧಿಯೊಂದನ್ನೇ ಕೊಟ್ಟರೆ ರೋಗವು ಮರಳಿ ಬರುವುದು.

(ಅ) ಬೈಹುಲ್ಲನ್ನು ಗರಿಗರಿಯಾಗುವಂತೆ ಒಣಗಿಸಿ, ನೆಲದ ತೇವ ತಾಗದಂತೆ ಅಟ್ಟದ ಮೇಲೆ ಕುತ್ರಿ ಹಾಕಿರಿ. ತುದಿಯನ್ನು ಮಳೆನೀರು ಇಳಿಯದಂತೆ ಮುಚ್ಚಿರಿ. ಒಟ್ಟಿದ ಕೆಲವು ದಿನಗಳಲ್ಲಿ ಒಳಗೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಬಿಚ್ಚಿ ಮತ್ತೆ ಒಣಗಿಸಿರಿ.

(ಆ) ಮುಗ್ಗಲು ವಾಸನೆಯ ಹುಲ್ಲನ್ನು ಕುದುರೆಗೂ ಹಾಕಬಾರದು, ಕಂಬಳದ ಕೋಣಕ್ಕೂ ಹಸುವಿಗೂ ಹಾಕಬಾರದು. ಕೆಲವು ಬೂಷ್ಟುಗಳಲ್ಲಿ ವಿಷವೂ ಇರುವುದು. ಅದನ್ನು ಗೊಬ್ಬರದ ಗುಂಡಿಗೆ ಸೇರಿಸಿರಿ.

(ಇ) ಒಳ್ಳೆಯ ಒಣಹುಲ್ಲನ್ನೂ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಒದ್ದೆಯಿರುವಾಗಲೇ ತಿನ್ನಿಸಿರಿ. ನಮ್ಮ ಸೆಕೆಯಲ್ಲಿ ನೆನೆದ ಹುಲ್ಲು ಬೇಗ ಹಳಸುವುದರಿಂದ ಉಳಿದುದನ್ನು ಮರುಹೊತ್ತಿಗೆ ಇಡಕೂಡದು. ನೆನೆಸಿದ ಮಾತ್ರಕ್ಕೆ ಬೂಷ್ಟು ಹಿಡಿದ ಹುಲ್ಲು ಯೋಗ್ಯವಾಗದು.

(ಈ) ಮಳೆಗಾಲದಲ್ಲಿ ಹಸಿಹುಲ್ಲು ಯಥೇಚ್ಛವಾಗಿರುವುದು. ಅದೇ ಉತ್ತಮ ಮೇವು; ಆದರೆ ಹೊಟ್ಟೆನೋವು ಬಾರದಂತೆ ಕ್ರಮೇಣ ರೂಢಿಮಾಡಿಸಿರಿ.

(ಉ) ಎರಚಲಿಗೆ ಹೆದರಿ ಲಾಯವನ್ನು ನಾಲ್ಕು ಕಡೆಯೂ ಮುಚ್ಚದೆ, ಮಾಡಿನ ಕೆಳಗೆ ಗಾಳಿಯಾಡಲು ತೆರಪು ಬಿಡಿರಿ. ಗುಡಿಸುವಾಗ ಕುದುರೆಯನ್ನು ಹೊರಗೆ ಕಟ್ಟಿರಿ. ಹುಲ್ಲಿನ ಅಟ್ಟವು ಲಾಯದ ಮೇಲೆಯೇ ಇರಕೂಡದು.

ಶ್ವಾಸನಾಳವನ್ನು ಸಡಿಲಿಸುವ ಮತ್ತು ಉರಿಯೂತವನ್ನು ತಗ್ಗಿಸುವ ಔಷಧಿಗಳುಂಟು. ಎರಡನೆಯ ಬಗೆಯ ಕೆಲವು ಔಷಧಿಗಳಿಂದ ಗೊರಸಿಗೆ ಬಾಧೆಯಾಗುವ ಸಂಭವವಿರುವುದರಿಂದ ವೈದ್ಯರ ಅಪ್ಪಣೆಯಿಲ್ಲದೆ ಕೊಡಕೂಡದು.

೬. ಆಳುಗಳ ಆರೋಗ್ಯ.— ಇದೇ ಧೂಳು ಹುಲ್ಲು ಕೆದರುವ ಮನುಷ್ಯನ ಶ್ವಾಸಕೋಶವನ್ನೂ ಕೆಡಿಸುವುದು. ಹುಲ್ಲಿನ ಕೆಲಸ ಮಾಡಿದ ಸಂಜೆ ಚಳಿಜ್ವರ, ಕೆಮ್ಮು, ಏದುಸಿರು ಬಂದರೆ ಅದನ್ನು ಬರಿಯ ಶೀತವೆಂದು ಬಿಡದೆ, ಹುಲ್ಲಿನ ಸಂಗತಿಯನ್ನು ವೈದ್ಯರಿಗೆ ಹೇಳತಕ್ಕದ್ದು. ಮತ್ತೆ ಮತ್ತೆ ತಗುಲಿದರೆ ಶ್ವಾಸಕೋಶದ ಹಾನಿ ಶಾಶ್ವತವಾಗಬಹುದು. ಬಟ್ಟೆ ಕಟ್ಟಿಕೊಂಡ ಮಾತ್ರಕ್ಕೆ ಈ ಸಣ್ಣ ಕಣಗಳು ನಿಲ್ಲವು. ಆದುದರಿಂದ ಯಜಮಾನರು ಬೂಷ್ಟು ಹಿಡಿದ ಕುತ್ರಿಯನ್ನು ಒಣಗಿರುವಾಗ ಆಳುಗಳಿಂದ ಕೆದರಿಸದೆ, ನೀರು ಚಿಮುಕಿಸಿ, ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು ತೆಗೆಯುವಂತೆ ನೋಡಿಕೊಳ್ಳತಕ್ಕದ್ದು.