ಕ್ಯಾಸನೂರಿನ ದಾರಿಗೆ ಎಂಥಾ ಸ್ಟ್ರಾಲರ್?

ಮಗುವಿನ ಗಾಡಿ ಕೊಳ್ಳುವಾಗ ಎಲ್ಲರೂ ಬಣ್ಣ ನೋಡ್ತಾರೆ, ಕಪ್ ಹೋಲ್ಡರ್ ನೋಡ್ತಾರೆ. ಸೊರಬ ತಾಲೂಕಿನ ಕ್ಯಾಸನೂರಿನಂಥ ಊರಲ್ಲಿ ಮೊದಲು ನೋಡಬೇಕಾದ್ದು ಚಕ್ರ.

ಕೊಡೆಯಂತೆ ಮಡಚುವ ಹಗುರ ಸ್ಟ್ರಾಲರ್ ಅನ್ನು 1965ರಲ್ಲಿ ರೂಪಿಸಿದವರು ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ವಿಮಾನದ ಲ್ಯಾಂಡಿಂಗ್ ಗೇರ್‌ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್! ಬಸ್ ಹತ್ತೋಕೆ ಆ ಥರದ್ದೇ ಸುಲಭ. ಆದ್ರೆ ಅದರ ಚಕ್ರ ಚಿಕ್ಕದು.

ಮೆಕ್ಯಾನಿಕ್ಸ್‌ನಲ್ಲಿ ರೋಲರ್ ಮೆಟ್ಟಿಲು ಹತ್ತುವ ಲೆಕ್ಕ ಮಾಡಿರ್ತೀರಲ್ಲ, ಅದನ್ನೇ ಇಲ್ಲಿ ಹಾಕಿ. ದಾರಿಯಲ್ಲಿ 2 ಸೆಂ.ಮೀ. ಎತ್ತರದ ಕಲ್ಲು. ಚಕ್ರದ ವ್ಯಾಸ 15 ಸೆಂ.ಮೀ. ಇದ್ದರೆ, ಅದನ್ನು ದಾಟಿಸಲು ಆ ಚಕ್ರದ ಮೇಲಿನ ಭಾರದ ಸುಮಾರು 93% ಬಲ ಅಡ್ಡಕ್ಕೆ ಬೇಕು. ವ್ಯಾಸ 30 ಸೆಂ.ಮೀ. ಆದರೆ 58% ಸಾಕು. ಚಿಕ್ಕ ಚಕ್ರ ಕಲ್ಲಿಗೆ ಸಿಕ್ಕಿ ಗಕ್ಕನೆ ನಿಂತಾಗ ಮಗು ಮಾತ್ರ ಮುಂದಕ್ಕೆ ಹೋಗುತ್ತೆ, ಜಡತ್ವ. ಅದಕ್ಕೇ ಎರಡು ಭುಜ, ಸೊಂಟ, ಕಾಲ ಸಂದಿ ಸೇರಿ ಐದು ಕಡೆ ಹಿಡಿಯುವ ಬೆಲ್ಟ್ ಇರಲೇಬೇಕು. ಮಣ್ಣುದಾರಿಯಲ್ಲಿ ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ಲಾಕ್ ಮಾಡುವ ಸೌಲಭ್ಯವೂ ಇರಲಿ.

ಸಂತೆ ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ. ಭಾರಕೇಂದ್ರ ಹಿಂದಿನ ಚಕ್ರದ ಆಚೆ ಹೋದರೆ ಗಾಡಿ ಹಿಂದಕ್ಕೆ ಮಗುಚುತ್ತೆ. ಚೀಲದ ಜಾಗ ಸೀಟಿನ ಕೆಳಗಿನ ಬುಟ್ಟಿ. ಕುತ್ತಿಗೆ ನಿಲ್ಲದ ಕೂಸಿಗಾದರೆ ಪೂರ್ತಿ ಮಲಗಿಸುವ ಸೀಟೇ ಬೇಕು.

ದೊಡ್ಡ ಚಕ್ರದ ಗಾಡಿ ಭಾರ, ಬಸ್ಸಿಗೆ ತೊಂದರೆ, ನಿಜ. ಆದರೂ ವಾರಕ್ಕೊಮ್ಮೆ ಬಸ್ಸು, ದಿನಾ ಮಣ್ಣುದಾರಿ ಅನ್ನೋರಿಗೆ ನನ್ನ ವೋಟು ಅದಕ್ಕೇ. ಚಂದ್ರಗುತ್ತಿ ಬೆಟ್ಟದ ಮೆಟ್ಟಿಲಿಗೆ ಮಾತ್ರ ಯಾವ ಚಕ್ರವೂ ಆಗಲ್ಲ, ಅಲ್ಲಿ ಅಪ್ಪನ ಹೆಗಲೇ.